ತಡೆದುಕೊಳ್ಳುವಷ್ಟು ಬಿಸಿ

ಪಾಲಾಕ್ಷಪ್ಪ ಮೇಷ್ಟ್ರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಚಿತ್ರದುರ್ಗದ ಕಡೆಯ ಆ ತಾಲ್ಲೂಕು ಊರಿನಲ್ಲಿ ಅವರಿಗೆ ಒಂದು ಹೆಸರಿತ್ತು. ಮಕ್ಕಳು ಪ್ರಯೋಗ ಮಾಡದೆ ಬರೆದ ಸುಳ್ಳು ರೆಕಾರ್ಡ್ ಹಿಡಿಯುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಉಪಾಯ ಸರಳ. ಹತ್ತನೆಯ ತರಗತಿಯವರಿಗೆ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆಂದು ನೋಡುವ ಪ್ರಯೋಗ ಕೊಡುತ್ತಿದ್ದರು. ಬೀಕರಿನಲ್ಲಿ ನೀರು ಕಾಯಿಸಬೇಕು, ಥರ್ಮಾಮೀಟರ್ ಇಳಿಬಿಡಬೇಕು, ಕಂಡ ಅಂಕಿಯನ್ನು ಬರೆಯಬೇಕು. ಪುಸ್ತಕದಲ್ಲಿ ನೂರು ಎಂದಿದೆ. ಆದರೆ ಆ ಊರು ಸಮುದ್ರಮಟ್ಟಕ್ಕಿಂತ ಸಾಕಷ್ಟು ಎತ್ತರದಲ್ಲಿದೆ. ಅಲ್ಲಿ ನೀರು ತೊಂಬತ್ತೆಂಟಕ್ಕೇ ಕುದಿಯುತ್ತದೆ, ಅದರ ಮೇಲೆ ಎಷ್ಟು ಉರಿ ಹಾಕಿದರೂ ಪಾದರಸ ಮೇಲೇರುವುದಿಲ್ಲ. ಒಲೆ ಹಚ್ಚಿದವರು ತೊಂಬತ್ತೆಂಟು ಎಂದು ಬರೆಯುತ್ತಿದ್ದರು. ಹಚ್ಚದವರು ನೂರು ಎಂದು ಬರೆಯುತ್ತಿದ್ದರು. ಮೇಷ್ಟ್ರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ನೂರು ಎಲ್ಲಿಂದ ಬಂತಮ್ಮಾ? ನಮ್ಮೂರ ನೀರಿಗೆ ನೂರು ಮುಟ್ಟೋ ಶಕ್ತಿ ಇಲ್ಲ. ಒಲೆ ಹಚ್ಚಿದ್ಯಾ, ಇಲ್ವಾ?"

ಹೊಡೆಯುತ್ತಿರಲಿಲ್ಲ. ಪ್ರಯೋಗವನ್ನು ಮತ್ತೆ ಮಾಡಬೇಕು, ಬಂದ ಅಂಕಿಯನ್ನು ಇಡೀ ತರಗತಿಯ ಎದುರು ನಿಂತು ಗಟ್ಟಿಯಾಗಿ ಓದಬೇಕು. ಇಷ್ಟೇ ಶಿಕ್ಷೆ. ಹೊಡೆಸಿಕೊಳ್ಳುವುದೇ ವಾಸಿ ಎಂದು ಮಕ್ಕಳು ಹೇಳುತ್ತಿದ್ದರು. ಕರಿಬಸಮ್ಮ ಎಂಬ ಹುಡುಗಿಯಂತೂ "ತೊಂಬತ್ತೆಂಟು" ಎಂದು ಓದುವಷ್ಟರಲ್ಲಿ ಮೂರು ಸಲ ಬಿಕ್ಕಿದ್ದಳು.

ಆ ಕರಿಬಸಮ್ಮನಿಗೆ ಈಗ ನಲವತ್ತೇಳು ವರ್ಷ. ಊರ ಪಾರ್ಕಿನ ಹಿಂದಿನ ಬೀದಿಯಲ್ಲಿ ಮನೆ. ಗಂಡ ತೀರಿಕೊಂಡಿದ್ದಾನೆ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಮೇಲೆ ರವಿಕೆ ಹೊಲಿದು ಬದುಕುತ್ತಾಳೆ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರಿಂದ ಪಾರ್ಕಿಗೆ ಬರುತ್ತಾಳೆ. ಮೇಷ್ಟ್ರು ಎದುರಾದರೆ ಇವತ್ತಿಗೂ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾಳೆ.

ಪಾರ್ಕಿನಲ್ಲಿ ನಡೆಯುವವರೆಲ್ಲ ಸೇರಿ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದರು. ಹೆಸರು ಅರುಣೋದಯ ಬಳಗ. ಅಂಚೆ ಕಚೇರಿಯಿಂದ ನಿವೃತ್ತರಾದ ರುದ್ರಮುನಿ ಅದರ ಮುಖ್ಯಸ್ಥರು. ಯಾರು ಆರಿಸಿದರೋ ಗೊತ್ತಿಲ್ಲ, ಅವರೇ ಮುಖ್ಯಸ್ಥರು. ಬಳಗ ಮೂರು ಸುತ್ತು ನಡೆದು, ಗೇಟಿನ ಪಕ್ಕದ ಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಆರೋಗ್ಯದ ಬಗ್ಗೆ ಮಾತಾಡಿ ಮನೆಗೆ ಹೋಗುತ್ತಿತ್ತು.

ಒಂದು ದಿನ ರುದ್ರಮುನಿಯವರಿಗೆ ಎಲ್ಲಿಂದಲೋ ಒಂದು ಸಂದೇಶ ಬಂತು. ದಿನವೂ ಬೆಳಗ್ಗೆ ಐದು ಸರಳ ಸಾಧನ ಬಳಸಿದರೆ ಡಾಕ್ಟರ ಮುಖ ನೋಡಬೇಕಾಗಿಲ್ಲವಂತೆ. ನಾಲಿಗೆ ಕೆರೆಯಲು ತಾಮ್ರದ ಪಟ್ಟಿ. ಮೂಗು ತೊಳೆಯಲು ಗಿಂಡಿ. ಮೈಗೆ ಎಳ್ಳೆಣ್ಣೆ. ಹಿಮ್ಮಡಿ ಉಜ್ಜಲು ಕಲ್ಲು. ಕಾಲು ಅದ್ದಿ ಕೂರಲು ಬಿಸಿನೀರಿನ ಟಬ್ಬು. ಬಳಗದವರು ಇದನ್ನು ನಲವತ್ತೆಂಟು ದಿನ, ಅಂದರೆ ಒಂದು ಮಂಡಲ, ತಪ್ಪದೆ ಮಾಡುವುದು ಎಂದು ತೀರ್ಮಾನವಾಯಿತು. ಮಾಡಿದ್ದಕ್ಕೆ ಪುರಾವೆಯಾಗಿ ದಿನವೂ ಐದೂ ಸಾಮಾನನ್ನು ಸಾಲಾಗಿ ಇಟ್ಟು ಫೋಟೊ ಹಾಕಬೇಕು. ಸಾಮಾನಿನ ಫೋಟೊ ಸಾಮಾನು ಇರುವುದಕ್ಕೆ ಮಾತ್ರ ಪುರಾವೆ. ಇದು ಯಾರಿಗೂ ಹೊಳೆಯಲಿಲ್ಲ. ಬಳಗದಲ್ಲಿದ್ದ ವಿಜ್ಞಾನದ ಮೇಷ್ಟ್ರಿಗೂ ಹೊಳೆಯಲಿಲ್ಲ.

ಮೊದಲನೆಯ ದಿನ ಪಾಲಾಕ್ಷಪ್ಪನವರು ಪ್ರಾಮಾಣಿಕವಾಗಿಯೇ ಶುರುಮಾಡಿದರು. ತಾಮ್ರದ ಪಟ್ಟಿ ನಾಲಿಗೆಯ ಹಿಂಭಾಗಕ್ಕೆ ತಾಕಿದ ಕೂಡಲೇ ಓಕರಿಕೆ ಬಂತು. ಗಿಂಡಿಯ ನೀರು ಒಂದು ಮೂಗಿನಿಂದ ಹೋಗಿ ಇನ್ನೊಂದರಿಂದ ಬರುವ ಬದಲು ಗಂಟಲಿಗಿಳಿದು ಅವರನ್ನು ಕಾಲು ಗಂಟೆ ಕೆಮ್ಮಿಸಿತು. ಉಳಿದ ಮೂರನ್ನು ಮುಟ್ಟಲಿಲ್ಲ. ಆದರೂ ಸಾಮಾನು ಜೋಡಿಸಿ ಫೋಟೊ ಹಾಕಿದರು. ಕೆಳಗೆ ಶುದ್ಧ ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಇಪ್ಪತ್ತಾರು ಜನ ಫೋನಿನಲ್ಲೇ ಕೈಮುಗಿದರು.

ಎರಡನೆಯ ದಿನ ಸಾಮಾನು ಜೋಡಿಸಿದರು, ಬಳಸಲಿಲ್ಲ. ಮೂವತ್ತು ಜನ ಕೈಮುಗಿದರು.

ಆಮೇಲೆ ದಿನವೂ ಜೋಡಿಸುವುದೂ ಬೇಸರವಾಯಿತು. ಒಂದು ಭಾನುವಾರ ಮಧ್ಯಾಹ್ನ ಕೂತು ಕೆಳಗೆ ಹಾಸಿದ ಟವೆಲನ್ನು ಬದಲಾಯಿಸಿ ಬದಲಾಯಿಸಿ ಇಡೀ ವಾರದ ಫೋಟೊ ತೆಗೆದಿಟ್ಟುಕೊಂಡರು. ಹೆಂಡತಿ ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತು ನೋಡಿದರು.

"ಏನ್ರೀ ಇದು, ಟವೆಲ್ ಅಂಗಡಿ ಇಡ್ತೀರಾ?"

"ಬಳಗಕ್ಕೆ ಕಳಿಸ್ಬೇಕು. ನಿಂಗೆ ಗೊತ್ತಾಗಲ್ಲ."

"ಗೊತ್ತಾಗ್ದೇ ಏನು. ಆ ಟಬ್ಬಿನ ಚೀಟಿ ಆದ್ರೂ ಕೀಳಿ. ಅಂಗಡಿಯಿಂದ ತಂದಿದ್ದು ಹಂಗೇ ಮಿರಮಿರ ಅಂತಿದೆ."

ಮೇಷ್ಟ್ರು ಚೀಟಿ ಕೀಳಲಿಲ್ಲ. ಟಬ್ಬನ್ನು ತಿರುಗಿಸಿ ಚೀಟಿ ಗೋಡೆಯ ಕಡೆಗೆ ಮಾಡಿದರು. ಮುಂದೆ ಪ್ರತಿ ಭಾನುವಾರವೂ ಇದೇ ನಡೆಯಿತು. ವಾರದ ಉಳಿದ ದಿನಗಳಲ್ಲಿ ಸರ್ವಮಂಗಳಮ್ಮ ಅದರಲ್ಲಿ ಈರುಳ್ಳಿ ಹಾಕಿಡುತ್ತಿದ್ದರು.

ಇಷ್ಟರಲ್ಲೇ ನಿಂತಿದ್ದರೆ ನಷ್ಟವೇನೂ ಇರಲಿಲ್ಲ. ನಿವೃತ್ತರು ಇದಕ್ಕಿಂತ ಕೆಟ್ಟ ಹವ್ಯಾಸಗಳಲ್ಲಿ ಕಾಲ ಕಳೆಯುವುದುಂಟು. ಆದರೆ ಫೋಟೊ ಹಾಕುವವರನ್ನು ಜನ ಪ್ರಶ್ನೆ ಕೇಳುತ್ತಾರೆ. ಕೇಳಿದವರಿಗೆ ಉತ್ತರಿಸದೆ ಇರುವ ಅಭ್ಯಾಸ ಮೇಷ್ಟ್ರಿಗೆ ಮೂವತ್ತೊಂದು ವರ್ಷದಲ್ಲಿ ಬಂದಿರಲಿಲ್ಲ. ಎಣ್ಣೆ ಎಷ್ಟು ಹೊತ್ತು ಬಿಡಬೇಕು? ಅರ್ಧ ಗಂಟೆ. ಕಲ್ಲು ಒಣಗಿದ್ದಾ, ಒದ್ದೆಯಾ? ಒದ್ದೆ. ಉತ್ತರಗಳು ತಾವಾಗಿಯೇ ಬರುತ್ತಿದ್ದವು. ಪ್ರತಿಯೊಂದರ ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಿದ್ದರು: ನಾನು ಸ್ವತಃ ಮಾಡಿ ನೋಡಿದ್ದೇನೆ.

ಮೂವತ್ತೈದನೆಯ ದಿನ ಕರಿಬಸಮ್ಮ ಕೇಳಿದಳು. ಗ್ರೂಪಿನಲ್ಲಿ ಅವಳು ಬರೆದದ್ದು ಅದೇ ಮೊದಲು.

"ಸಾರ್ ನಮಸ್ಕಾರ. ನಂಗೆ ಶುಗರ್ ಇದೆ. ಪಾದ ಯಾವಾಗಲೂ ಜೋಮು ಹಿಡಿದಂಗೆ ಇರುತ್ತೆ. ಟಬ್ಬಿನ ನೀರು ಎಷ್ಟು ಬಿಸಿ ಇರಬೇಕು ಸಾರ್?"

ಮೇಷ್ಟ್ರು ಆಗ ಗಾಡಿಯ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಮೆಣಸಿನಕಾಯಿ, ಇನ್ನೊಂದರಲ್ಲಿ ಫೋನು. ಪ್ರಶ್ನೆಯನ್ನು ಪೂರ್ತಿ ಓದಿದರು. ಜೋಮು ಎಂಬ ಮಾತನ್ನೂ ಓದಿದರು. ಓದಲಿಲ್ಲ ಎಂದು ಅವರಿಂದ ಮುಂದೆ ಎಂದೂ ಹೇಳಿಕೊಳ್ಳಲಾಗಲಿಲ್ಲ. ಮೆಣಸಿನಕಾಯಿ ಹಿಡಿದ ಕೈಯ ಕಿರುಬೆರಳಿನಲ್ಲೇ ಉತ್ತರ ಒತ್ತಿದರು.

"ತಡೆದುಕೊಳ್ಳುವಷ್ಟು ಬಿಸಿ. ಹೆಚ್ಚು ಬಿಸಿ ಇದ್ದಷ್ಟೂ ರಕ್ತ ಚಲನೆ ಹೆಚ್ಚು. ಇಪ್ಪತ್ತು ನಿಮಿಷ. ನಾನು ಸ್ವತಃ ಮಾಡಿ ನೋಡಿದ್ದೇನೆ."

ನಲವತ್ತು ಜನ ಕೈಮುಗಿದರು. ರುದ್ರಮುನಿ ಅದನ್ನು ಅಚ್ಚುಕಟ್ಟಾಗಿ ಮೇಷ್ಟ್ರ ಹೆಸರು ಹಾಕಿ ಇನ್ನೂ ನಾಲ್ಕು ಗ್ರೂಪಿಗೆ ದಾಟಿಸಿದರು.

ಮಾರನೆಯ ದಿನದಿಂದ ಕರಿಬಸಮ್ಮ ಪಾರ್ಕಿಗೆ ಬರಲಿಲ್ಲ. ಮೇಷ್ಟ್ರು ಗಮನಿಸಲಿಲ್ಲ. ಒಂಬತ್ತು ದಿನ ಕಳೆದ ಮೇಲೆ ಮೂರನೆಯ ಸುತ್ತಿನಲ್ಲಿ ರುದ್ರಮುನಿ ಹೇಳಿದರು.

"ಮೇಷ್ಟ್ರೇ, ನಮ್ಮ ಟೈಲರ್ ಕರಿಬಸಮ್ಮ ಆಸ್ಪತ್ರೇಲಿದ್ದಾಳಂತೆ. ಕಾಲು ಸುಟ್ಕೊಂಡಿದ್ದಾಳೆ ಪಾಪ."

"ಹೇಗಂತೆ?"

"ಬಿಸಿನೀರಂತೆ. ಹೆಣ್ಣುಮಕ್ಕಳಿಗೆ ಅಡಿಗೆಮನೇಲಿ ಗಮನ ಇರಲ್ಲ ನೋಡಿ. ಅಂದಹಾಗೆ ಬರೋ ಭಾನುವಾರಕ್ಕೆ ನಲವತ್ತೆಂಟು ಮುಗೀತದೆ. ನಿಮಗೇ ಶಾಲು ಹೊದಿಸೋದು ಅಂತ ಬಳಗ ನಿರ್ಧಾರ ಮಾಡಿದೆ. ಒಂದು ದಿನಾನೂ ತಪ್ಪದೆ ಫೋಟೊ ಹಾಕಿರೋರು ನೀವೊಬ್ಬರೇ."

ಆ ದಿನ ಮೇಷ್ಟ್ರು ಮೆಣಸಿನಕಾಯಿ ತಿನ್ನಲಿಲ್ಲ.

ಆಸ್ಪತ್ರೆಗೆ ಹೋಗುವಾಗ ಆರು ಮೂಸಂಬಿ ತೆಗೆದುಕೊಂಡರು. ವಾರ್ಡಿನ ಬಾಗಿಲು ದಾಟಿದ ಮೇಲೆ ಸಕ್ಕರೆ ಕಾಯಿಲೆಯವಳಿಗೆ ಹಣ್ಣು ತಂದೆನಲ್ಲ ಎಂದು ನೆನಪಾಯಿತು. ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡರು. ನರ್ಸ್ ಒಬ್ಬಾಕೆ ಕರಿಬಸಮ್ಮನ ಬಲಗಾಲಿನ ಬಟ್ಟೆ ಬಿಚ್ಚುತ್ತಿದ್ದಳು. ಪಾದದ ಚರ್ಮ ಕಾಲುಚೀಲ ಕಳಚಿದ ಹಾಗೆ ಬೆರಳಿನ ಕಡೆಗೆ ಸುಲಿದುಹೋಗಿತ್ತು. ಕಿರುಬೆರಳು ಕಪ್ಪಾಗಿತ್ತು. ಕರಿಬಸಮ್ಮ ಅದನ್ನು ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತಿದ್ದಳು. ನೋವಿನ ಒಂದು ಗೆರೆಯೂ ಮುಖದಲ್ಲಿ ಇರಲಿಲ್ಲ.

ನರ್ಸ್ ತಲೆ ಎತ್ತದೆ ಹೇಳಿದಳು. "ನೀವು ಇವರ ಕಡೆಯವ್ರಾ? ಸ್ವಲ್ಪ ಬುದ್ಧಿ ಹೇಳಿ. ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿ ತಿಳಿಯಲ್ಲ. ಯಾವನೋ ಬುದ್ಧಿವಂತ ಫೋನಲ್ಲಿ ಹಾಕಿದ್ನಂತೆ, ಈಯಮ್ಮ ಮಾಡಿದಾಳೆ. ಯಾರಮ್ಮಾ ಅವನು ಅಂದ್ರೆ ಹೆಸರು ಬಾಯಿ ಬಿಡಲ್ಲ."

ಕರಿಬಸಮ್ಮ ಮೇಷ್ಟ್ರನ್ನು ನೋಡಿದಳು. ಏಳಲು ಹೋದಳು. ನರ್ಸ್ ಗದರಿದ್ದರಿಂದ ಕೂತಲ್ಲೇ ಕೈಮುಗಿದಳು.

"ಇವ್ರು ನಮ್ಮ ಮೇಷ್ಟ್ರು, ಸಿಸ್ಟರ್. ನೋಡೋಕೆ ಬಂದಿದಾರೆ." ಅಷ್ಟೇ ಹೇಳಿದಳು.

ನರ್ಸ್ ಹೊಸ ಬಟ್ಟೆ ಸುತ್ತಿ ಹೊರಗೆ ಹೋಗುವವರೆಗೂ ಮೇಷ್ಟ್ರು ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಓದಿದರು. ಎರಡು ಸಲ ಓದಿದರು.

"ನಿಮ್ಮ ಹೆಸರು ಹೇಳಿಲ್ಲ ಸಾರ್," ಎಂದಳು ಕರಿಬಸಮ್ಮ ಮೆಲ್ಲಗೆ. "ಅವರು ಏನಾದ್ರೂ ಅಂದ್ಬಿಡ್ತಾರೆ. ತಪ್ಪು ನಂದೇ. ನೀವು ತಡ್ಕೊಳ್ಳೋಷ್ಟು ಬಿಸಿ ಅಂದಿದ್ರಿ. ನನ್ನ ಟಬ್ಬು ಸಣ್ಣದು, ಮೊದ್ಲು ಬಲಗಾಲೊಂದೇ ಇಟ್ಟೆ, ಏನೂ ಅನ್ನಿಸ್ಲಿಲ್ಲ. ತಡ್ಕೊಳ್ಳೋಷ್ಟು ಇನ್ನೂ ಆಗಿಲ್ಲ ಅಂತ ಒಲೆ ಮೇಲಿದ್ದ ನೀರನ್ನ ಇನ್ನೊಂದು ಚೊಂಬು ಹುಯ್ಕೊಂಡೆ. ಆಗ್ಲೂ ಅನ್ನಿಸ್ಲಿಲ್ಲ. ಇನ್ನೊಂದು ಚೊಂಬು ಹುಯ್ದೆ. ಇಪ್ಪತ್ತು ನಿಮಿಷ ಗಡಿಯಾರ ನೋಡ್ಕೊಂಡು ಕೂತಿದ್ದೆ."

ಮೇಷ್ಟ್ರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ನಿಮಗೆ ಏನೂ ಆಗ್ಲಿಲ್ವಲ್ಲ ಸಾರ್, ಇಷ್ಟು ದಿನ. ನನ್ನ ಕಾಲೇ ಸರಿಯಿಲ್ಲ. ನೀವು ನೀರು ಹೇಗೆ ಹದ ಮಾಡ್ಕೊಳ್ತಿದ್ರಿ?"

ಉತ್ತರ ಒಂದೇ ವಾಕ್ಯದ್ದು. ನಾನು ಮಾಡಿಯೇ ಇಲ್ಲ, ಕರಿಬಸಮ್ಮ. ವಾರ್ಡಿನಲ್ಲಿ ಬೇರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಪಕ್ಕದ ಮಂಚದ ಮುದುಕಿ ಗೊರಕೆ ಹೊಡೆಯುತ್ತಿದ್ದಳು. ಮೇಷ್ಟ್ರು ಬಾಯಿ ತೆರೆದರು. ಮೂವತ್ತೊಂದು ವರ್ಷದ ಅಭ್ಯಾಸ ಬಾಯಿಂದ ಮಾತಾಡಿತು.

"ಅದಕ್ಕೆ... ಅಭ್ಯಾಸ ಬೇಕಮ್ಮ."

ಅವಳ ಮುಖ ಅರಳಿತು. "ಹಂಗೇ ಅಂದ್ಕೊಂಡೆ ಸಾರ್. ಡಾಕ್ಟ್ರು ಜನ್ಮದಲ್ಲಿ ಬಿಸಿನೀರಲ್ಲಿ ಕಾಲಿಡಬೇಡ ಅಂತಾರೆ. ಅವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ? ನೀವು ಮಾಡಿ ನೋಡಿರೋರು. ಮನೆಗೆ ಹೋದ್ಮೇಲೆ ಎಡಗಾಲಿಂದ ಶುರು ಮಾಡ್ತೀನಿ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡ್ತೀನಿ."

ಮೇಷ್ಟ್ರು ತಲೆಯಾಡಿಸಿದ್ದು ಹೌದೆಂದೋ ಅಲ್ಲವೆಂದೋ ಅವರಿಗೇ ತಿಳಿಯಲಿಲ್ಲ. ಮೂಸಂಬಿ ಚೀಲವನ್ನು ಹಿಡಿದುಕೊಂಡೇ ಹೊರಗೆ ಬಂದರು.

ಮನೆಯಲ್ಲಿ ಅವರು ಮೊದಲು ಮಾಡಿದ್ದು ಟಬ್ಬಿನಿಂದ ಈರುಳ್ಳಿ ಸುರಿದದ್ದು. ಎರಡನೆಯದು ಚೀಟಿ ಕಿತ್ತದ್ದು. ಆಮೇಲೆ ಒಲೆಯ ಮೇಲೆ ನೀರಿಟ್ಟು ಕಾಯಿಸಿದರು. ಕರಿಬಸಮ್ಮ ಹೇಳಿದಂತೆಯೇ ಟಬ್ಬಿನಲ್ಲಿ ಬಿಸಿನೀರು, ಅದರ ಮೇಲೆ ಒಂದು ಚೊಂಬು, ಇನ್ನೊಂದು ಚೊಂಬು. ಪಂಚೆ ಎತ್ತಿ ಬಲಗಾಲು ಇಟ್ಟರು.

ಇಟ್ಟರು ಎನ್ನುವುದು ಪೂರ್ತಿ ನಿಜವಲ್ಲ. ಹೆಬ್ಬೆರಳು ತಾಕಿತು. ಅವರ ಬಾಯಿಂದ ಹೊರಟ ಸದ್ದಿಗೆ ಸರ್ವಮಂಗಳಮ್ಮ ಅಡಿಗೆಮನೆಯಿಂದ ಓಡಿಬಂದರು. ಟಬ್ಬು ಮಗುಚಿ ನೀರು ಬಚ್ಚಲಿಗೆ ಹರಿಯುತ್ತಿತ್ತು. ಮೇಷ್ಟ್ರು ಒಂಟಿ ಕಾಲಲ್ಲಿ ನಿಂತು ಗೋಡೆ ಹಿಡಿದಿದ್ದರು.

ಒಂದು ಸಲ. ಒಂದೇ ಒಂದು ಸಲ ಇದನ್ನು ಮಾಡಿದ್ದರೆ ಆ ಉತ್ತರ ಬರೆಯಲು ಅವರಿಂದ ಆಗುತ್ತಿರಲಿಲ್ಲ. ಹೆಬ್ಬೆರಳೇ ಹೇಳಿಬಿಡುತ್ತಿತ್ತು.

ಮೇಷ್ಟ್ರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಕಟ್ಟಿಕೊಂಡವಳ ಮುಂದೆ ಸುಳ್ಳಿಗೆ ಹೇಗೂ ಜಾಗವಿರಲಿಲ್ಲ. ಈರುಳ್ಳಿ ಹಾಕಿದವರು ಅವರೇ. ಸರ್ವಮಂಗಳಮ್ಮ ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಅನುಕೂಲವಾಗುತ್ತಿತ್ತು.

"ಮೊಮ್ಮಗಳಿಗೆ ನೀರು ಹಾಕ್ತಿದ್ನಲ್ಲ, ನೋಡಿದೀರಾ?" ಎಂದು ಕೇಳಿದರು. "ಮೊದಲು ನಾನು ಮೊಣಕೈ ಅದ್ದಿ ನೋಡ್ತಿದ್ದೆ. ಯಾಕೆ ಹೇಳಿ? ಸುಡ್ತಿದೆ ಅಂತ ಕೂಸಿಗೆ ಬಾಯಿಬಿಟ್ಟು ಹೇಳೋಕೆ ಬರಲ್ಲ. ಕರಿಬಸಮ್ಮನ ಕಾಲಿಗೂ ಬರಲ್ಲ ಅಂತ ಅವಳೇ ಬರೆದಿದ್ದಳಂತಲ್ರೀ. ಇನ್ನೇನು ಹೇಳಬೇಕಿತ್ತು ನಿಮಗೆ?"

"ಏನೂ ಇಲ್ಲ."

"ಮತ್ತೆ ಅವಳಿಗೆ ಅಭ್ಯಾಸ ಬೇಕು ಅಂದು ಬಂದ್ರಾ?"

ಮೇಷ್ಟ್ರು ಮಗುಚಿದ ಟಬ್ಬನ್ನು ನೆಟ್ಟಗೆ ಮಾಡಿದರು.

"ಇನ್ನೊಂದು ಕಾಲಿದೆ ಅವಳಿಗೆ," ಎಂದು ಸರ್ವಮಂಗಳಮ್ಮ ನೀರು ಬಳಿಯಲು ಹೋದರು.

ಇಷ್ಟಾದ ಮೇಲೂ ಮೇಷ್ಟ್ರು ನೇರವಾಗಿ ಆಸ್ಪತ್ರೆಗೆ ಹೋಗಲಿಲ್ಲ. ನಾಚಿಕೆಗೆ ಮೊದಲು ಹೊಳೆಯುವುದು ಅಡ್ಡದಾರಿ. ಅವರು ಗ್ರೂಪಿಗೆ ಒಂದು ಸಂದೇಶ ಬರೆದರು. "ಸಕ್ಕರೆ ಕಾಯಿಲೆ ಇರುವವರು ಯಾವುದೇ ಅಭ್ಯಾಸಕ್ಕೆ ಮುನ್ನ ವೈದ್ಯರ ಸಲಹೆ ಪಡೆಯುವುದು ಸೂಕ್ತ." ಯಾರು, ಯಾಕೆ, ಏನಾಯಿತು, ಒಂದೂ ಇರಲಿಲ್ಲ. ಮೂವತ್ತೆಂಟು ಜನ ಕೈಮುಗಿದರು. ಯಾರೂ ಓದಲಿಲ್ಲ. ಓದಿದವಳು ಒಬ್ಬಳೇ, ಅವಳು ಆಸ್ಪತ್ರೆಯ ಮಂಚದಿಂದ ಉತ್ತರಿಸಿದಳು.

"ಆಗಲಿ ಸಾರ್. ನೀವು ಹೇಳಿದಂಗೆ ನಿಧಾನಕ್ಕೆ ಅಭ್ಯಾಸ ಮಾಡ್ಕೊಳ್ತೀನಿ."

ಆ ಉತ್ತರ ಎರಡು ದಿನ ಅವರ ಫೋನಿನಲ್ಲಿ ಕೂತಿತ್ತು. ಮೇಷ್ಟ್ರು ಪಾರ್ಕಿಗೆ ಹೋಗಲಿಲ್ಲ. ಆದರೆ ಎರಡೂ ದಿನ ಫೋಟೊ ಹಾಕಿದರು. ಹಾಕದಿದ್ದರೆ ಯಾರಾದರೂ ಯಾಕೆಂದು ಕೇಳುತ್ತಿದ್ದರು.

ಶನಿವಾರ ರುದ್ರಮುನಿಯವರ ಫೋನು ಬಂತು. ಶಾಲಿನ ಬಣ್ಣ ಯಾವುದಿರಲಿ ಎಂದು ಕೇಳಿದರು. ಹಾಗೇ, ಕರಿಬಸಮ್ಮನ ಕಿರುಬೆರಳು ಉಳಿಯುವುದಿಲ್ಲವಂತೆ, ಸೋಮವಾರ ತೆಗೆಯುತ್ತಾರಂತೆ ಎಂದರು. ಮಂಗಳವಾರ ಮನೆಗೆ ಕಳಿಸುತ್ತಾರಂತೆ.

ಮೇಷ್ಟ್ರು ಶಾಲಿನ ಬಣ್ಣ ಹೇಳದೆ ಫೋನಿಟ್ಟರು. ಅಂಗಿ ಹಾಕಿಕೊಂಡರು. ಈ ಸಲ ಏನೂ ತೆಗೆದುಕೊಂಡು ಹೋಗಲಿಲ್ಲ.

ಕರಿಬಸಮ್ಮ ಮಂಚದ ಮೇಲೆ ಕೂತು ಯಾರದೋ ರವಿಕೆಗೆ ಕೈಹೊಲಿಗೆ ಹಾಕುತ್ತಿದ್ದಳು. ಮೇಷ್ಟ್ರು ಸ್ಟೂಲಿನ ಮೇಲೆ ಕೂರಲಿಲ್ಲ, ನಿಂತೇ ಇದ್ದರು. ಅವರ ಬಲ ಹೆಬ್ಬೆರಳಿನ ಗುಳ್ಳೆ ಚಪ್ಪಲಿಯಿಂದ ಕಾಣುತ್ತಿತ್ತು. ಹೊಲಿಯುವವಳ ಕಣ್ಣು, ತಕ್ಷಣ ನೋಡಿತು.

"ಕಾಲಿಗೆ ಏನಾಯ್ತು ಸಾರ್?"

"ಬಿಸಿನೀರು."

"ನಿಮಗೂನಾ? ಅಷ್ಟು ದಿನ ಮಾಡಿ ಅಭ್ಯಾಸ ಇರೋರಿಗೆ..."

"ಮಾಡಿಲ್ಲ, ಕರಿಬಸಮ್ಮ."

ಸೂಜಿ ನಿಂತಿತು.

"ಒಂದು ದಿನಾನೂ ಮಾಡಿಲ್ಲ. ಟಬ್ಬಿನಲ್ಲಿ ಕಾಲೇ ಇಟ್ಟಿರಲಿಲ್ಲ. ಬರೀ ಫೋಟೊ. ನೀನು ಕೇಳಿದಾಗ ನಂಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ಆಗ್ಲಿಲ್ಲ. ಅಭ್ಯಾಸ ಬೇಕು ಅಂದಿದ್ದೂ ಸುಳ್ಳು. ಮೊನ್ನೆ ಮೊದಲ್ನೇ ಸಲ ಇಟ್ಟೆ, ಬೆರಳು ತಾಕಿದ್ದಕ್ಕೇ ಹೀಗಾಯ್ತು. ನೀನು ಜನ್ಮದಲ್ಲಿ ಬಿಸಿನೀರಲ್ಲಿ ಕಾಲಿಡಬೇಡ. ಡಾಕ್ಟ್ರು ಹೇಳಿದ್ದೇ ನಿಜ."

ಕರಿಬಸಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಮಡಿಲಲ್ಲಿದ್ದ ರವಿಕೆಯ ಅಂಚನ್ನು ಉಗುರಿನಿಂದ ತೀಡಿ ನೇರ ಮಾಡಿದಳು. ಪಕ್ಕದ ಮುದುಕಿ ಇವತ್ತು ಎಚ್ಚರವಿದ್ದಳು, ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳಲಿ ಎಂದು ಮೇಷ್ಟ್ರು ನಿಂತರು.

ಕೊನೆಗೆ ಅವಳು ತಲೆ ಎತ್ತಿದಳು. ಸಿಟ್ಟಿಗಿಂತ ಆಶ್ಚರ್ಯವೇ ಕಂಡಿತು, ಹದಿನಾರು ವರ್ಷದ ಹುಡುಗಿಯ ಆಶ್ಚರ್ಯ.

"ನೀವೂ ನೂರು ಅಂತ ಬರೆದ್ರಾ ಸಾರ್?"

ಮೇಷ್ಟ್ರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಹೌದಮ್ಮ. ನೂರು ಅಂತ ಬರೆದೆ."

"ನಾನು ಬರೆದಾಗ ಯಾರ ಕಾಲೂ ಸುಟ್ಟಿರಲಿಲ್ಲ."

"ಇಲ್ಲ."

"ಆದ್ರೂ ಎಲ್ಲರ ಮುಂದೆ ನಿಲ್ಲಿಸಿ ಓದಿಸಿದ್ರಿ."

"ಹೌದು."

ಕರಿಬಸಮ್ಮ ದಾರವನ್ನು ಹಲ್ಲಿನಿಂದ ಕಡಿದಳು. "ಹಂಗಾದ್ರೆ ನಿಮಗೆ ಗೊತ್ತೇ ಇದೆಯಲ್ಲ ಸಾರ್, ಏನು ಮಾಡ್ಬೇಕು ಅಂತ. ನಾನು ಹೇಳೋದು ಚೆನ್ನಾಗಿರಲ್ಲ."

ಭಾನುವಾರ ಬೆಳಗ್ಗೆ ಪಾರ್ಕಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ರುದ್ರಮುನಿ ಮೇಷ್ಟ್ರ ಸಾಧನೆಯ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದರು. ಶಾಲು ಕೆಂಪು ಬಣ್ಣದ್ದು. ಹೊದಿಸಲು ಬಂದಾಗ ಮೇಷ್ಟ್ರು ಕೈ ಅಡ್ಡ ಹಿಡಿದು, ಜೇಬಿನಿಂದ ಒಂದು ಹಾಳೆ ತೆಗೆದರು.

ಅವರು ಮೂರು ದಿನದ ಹಿಂದಷ್ಟೇ ಪ್ರಯೋಗ ಮಾಡಿದ್ದರು, ಶನಿವಾರ ಸಂಜೆ ಮತ್ತೆ ಮಾಡಿದ್ದರು. ಅದನ್ನು ಓದಿದರು. ನಾಲಿಗೆ ಪಟ್ಟಿ: ಒಂದು ದಿನ ಬಳಸಿದೆ, ಓಕರಿಕೆ. ಗಿಂಡಿ: ಒಂದು ದಿನ, ಕೆಮ್ಮು. ಎಣ್ಣೆ, ಕಲ್ಲು: ಮುಟ್ಟಿಲ್ಲ. ಟಬ್ಬು: ಸುಮಾರು ಐದು ವಾರ ಈರುಳ್ಳಿ ಇಡಲು ಬಳಕೆಯಾಯಿತು. ನಾನು ಹೇಳಿದಷ್ಟು ಬಿಸಿಯಲ್ಲಿ ಕಾಲು ಇಟ್ಟ ಸಮಯ: ಒಂದು ಸೆಕೆಂಡಿಗಿಂತ ಕಡಿಮೆ. ಮೊಣಕೈಗೆ ಹಿತವಾಗುವ ನೀರಿನಲ್ಲಿ ಇಟ್ಟ ಸಮಯ: ಹತ್ತು ನಿಮಿಷ. ಪರಿಣಾಮ: ಕಾಲು ಒದ್ದೆಯಾಯಿತು. ಬೇರೇನೂ ಕಾಣಲಿಲ್ಲ. ನನ್ನ ಮಾತು ನಂಬಿ ಒಬ್ಬರ ಪಾದ ಸುಟ್ಟಿದೆ. ನಾಳೆ ಅವರ ಬೆರಳು ತೆಗೆಯುತ್ತಾರೆ.

ಯಾರೂ ಕೈಮುಗಿಯಲಿಲ್ಲ. ಹಿಂದಿನ ಕುರ್ಚಿಯವರೊಬ್ಬರು ನೆಲ ನೋಡಿದರು. ಅವರ ಮನೆಯಲ್ಲೂ ಒಂದು ಮಿರಮಿರ ಟಬ್ಬು ಇತ್ತೋ ಏನೋ. ರುದ್ರಮುನಿ ಶಾಲನ್ನು ಮಡಚಿ ಮಡಚಿ ಕೈಯಷ್ಟು ಚಿಕ್ಕದು ಮಾಡಿದರು.

"ಇದೆಲ್ಲ ಇಲ್ಲಿ ಹೇಳ್ಬೇಕಿತ್ತಾ ಮೇಷ್ಟ್ರೇ," ಎಂದರು ತಗ್ಗಿದ ದನಿಯಲ್ಲಿ. "ಒಳಗೊಳಗೇ ಮುಗಿಸ್ಬಹುದಿತ್ತು."

"ಎಲ್ಲರ ಎದುರಿಗೇ ಬರೆದಿದ್ದೆ, ರುದ್ರಮುನಿಯವರೇ."

ಸೋಮವಾರ ಕಿರುಬೆರಳು ಹೋಯಿತು. ಮೂರು ತಿಂಗಳ ಮೇಲೆ ಕರಿಬಸಮ್ಮ ಮತ್ತೆ ಮಿಷನ್ ತುಳಿದಳು, ಮೊದಲಿನಷ್ಟು ವೇಗದಲ್ಲಲ್ಲ. ಎಡಗಾಲು ಸರಿಯಾಗಿದೆ. ಮೇಷ್ಟ್ರು ದಾರಿಯಲ್ಲಿ ಎದುರಾದರೆ ಈಗಲೂ ನಿಲ್ಲುತ್ತಾಳೆ. ಚಪ್ಪಲಿ ಬಿಡುವುದಿಲ್ಲ. ಡಾಕ್ಟರು ಬರಿಗಾಲಲ್ಲಿ ನಿಲ್ಲಬಾರದು ಎಂದಿದ್ದಾರಂತೆ. ಕಾರಣ ಅದೊಂದೇ ಎಂದು ಮೇಷ್ಟ್ರು ನಂಬಿಲ್ಲ. ಅವಳನ್ನು ಕೇಳಿಯೂ ಇಲ್ಲ.

ಹಾಳೆಯಲ್ಲಿದ್ದದ್ದನ್ನು ಅವರು ಗ್ರೂಪಿಗೂ ಹಾಕಿದರು. ಅದನ್ನು ಯಾರೂ ಎಲ್ಲಿಗೂ ದಾಟಿಸಲಿಲ್ಲ. ಹಳೆಯದು ಮಾತ್ರ ಇನ್ನೂ ತಿರುಗುತ್ತಿದೆ. ಹೋದ ವಾರ ಬಳ್ಳಾರಿಯಲ್ಲಿರುವ ಅವರ ಷಡ್ಡಕರು ಅದನ್ನು ಅವರಿಗೇ ಕಳಿಸಿದ್ದರು. "ತಡೆದುಕೊಳ್ಳುವಷ್ಟು ಬಿಸಿ. ಹೆಚ್ಚು ಬಿಸಿ ಇದ್ದಷ್ಟೂ..." ಕೆಳಗೆ, "ಬಹಳ ಉಪಯುಕ್ತ, ಎಲ್ಲರಿಗೂ ತಲುಪಿಸಿ." ಮೇಷ್ಟ್ರ ಹೆಸರು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಅವರು ಬಯಸಿದ್ದರೆ ಸುಮ್ಮನಿರಬಹುದಿತ್ತು.

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಉತ್ತರ ಒತ್ತಿದರು. ಈ ಉತ್ತರ ಅವರಿಗೆ ಈಗ ಬಾಯಿಪಾಠ. ಇದು ಹದಿನೇಳನೆಯ ಸಲ.

"ಇದು ಸುಳ್ಳು. ಇದರಿಂದ ಒಬ್ಬರ ಬೆರಳು ಹೋಗಿದೆ. ಬರೆದವನು ನಾನೇ."

ನೀತಿ

ಮಾಡದ್ದನ್ನು ಮಾಡಿದೆ ಎಂದು ಹೇಳಿಬಿಟ್ಟರೆ ಆ ಪ್ರಯೋಗ ಅಲ್ಲಿಗೆ ತಪ್ಪಿಹೋಗುವುದಿಲ್ಲ. ನಮ್ಮನ್ನು ನಂಬಿದವರು ಅದನ್ನು ತಮ್ಮ ಮೈಮೇಲೆ ಮಾಡಿ ಮುಗಿಸುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಸುಳ್ಳು ಹೇಳಿಯಾಗಿದ್ದರೆ, ಅದನ್ನು ಎಷ್ಟು ಜನರ ಎದುರು ಹೇಳಿದ್ದಿರೋ ಅಷ್ಟೂ ಜನರ ಎದುರು ಹಿಂದಕ್ಕೆ ತೆಗೆದುಕೊಳ್ಳಿ.

ನೀರಿನ ಬಿಸಿ ನೋಡಲು ನಿಮ್ಮ ಮೊಣಕೈ ಸಾಕು. ಕಾಲಿಗೆ ಸ್ಪರ್ಶ ತಿಳಿಯದವರು ಅದನ್ನೂ ಮಾಡದೆ ಮೊದಲು ಡಾಕ್ಟರನ್ನು ಕೇಳಲಿ. ಈ ಕಥೆಯನ್ನು ಬೇರೆಯವರಿಗೆ ಕಳಿಸುವುದಾದರೆ, ಓದಿ ಕಳಿಸಿ.